ಪಾಂಡಾ ಎಕ್ಸ್‌ಪ್ರೆಸ್‌ನಲ್ಲಿ ಉಂಡವರ ಅಭಿಪ್ರಾಯಗಳು ಇಷ್ಟೊಂದು ಭಿನ್ನವಾಗಿರುವುದೇಕೆ?

ಅಮೆರಿಕದ ಚೈನೀಸ್ ಫಾಸ್ಟ್‌ಫುಡ್ ಮಳಿಗೆಗಳ ಸರಣಿಯಾದ ಪಾಂಡಾ ಎಕ್ಸ್‌ಪ್ರೆಸ್ ಬಗ್ಗೆ ಒಬ್ಬರು ಹೊಗಳಿದರೆ ಇನ್ನೊಬ್ಬರು ಹಳಿಯುತ್ತಾರೆ, ಇದರಲ್ಲಿ ಯಾವುದನ್ನು ನಂಬಬೇಕು ಎಂದು ನೀವು ಕೇಳಿದ್ದೀರಿ. ಮಗನ ಮನೆಗೆ ಬರಲಿರುವ ನೀವು ಮಾಂಸಾಹಾರಿ, ನಿಮ್ಮ ಶ್ರೀಮತಿಯವರು ಶುದ್ಧ ಸಸ್ಯಾಹಾರಿ ಎಂದೂ ತಿಳಿಸಿದ್ದೀರಿ. ಕ್ಯಾಲಿಫೋರ್ನಿಯಾದಲ್ಲಿ ಕೆಲಸ ಮಾಡುವ ನಾನು ಮಧ್ಯಾಹ್ನದ ಊಟಕ್ಕೆ ಆಗಾಗ ಅಲ್ಲಿಗೆ ಹೋಗುವವನು. ನನ್ನ ಮಟ್ಟಿಗೆ ಹೊಗಳುವವರೂ ಹಳಿಯುವವರೂ ಇಬ್ಬರೂ ನಿಜವನ್ನೇ ಹೇಳುತ್ತಿದ್ದಾರೆ. ಅವರು ಹೋದ ಹೊತ್ತು ಬೇರೆ, ಅಷ್ಟೇ.

ಇದಕ್ಕೆ ಕಾರಣ ಆ ಅಂಗಡಿ ಹುಟ್ಟಿದ ರೀತಿಯಲ್ಲೇ ಇದೆ. ಆಂಡ್ರ್ಯೂ ಚೆಂಗ್ ಮತ್ತು ಬಾಣಸಿಗರಾಗಿದ್ದ ಅವರ ತಂದೆ 1973ರಲ್ಲಿ ಕ್ಯಾಲಿಫೋರ್ನಿಯಾದ ಪ್ಯಾಸಡೀನಾದಲ್ಲಿ ಪಾಂಡಾ ಇನ್ ಎಂಬ ಹೋಟೆಲ್ ತೆರೆದರು. ಅದು ಕುಳಿತು, ಕೇಳಿ, ಮಾಡಿಸಿಕೊಂಡು ಉಣ್ಣುವ ಜಾಗ. 1983ರಲ್ಲಿ ಗ್ಲೆಂಡೇಲ್ ಗ್ಯಾಲರಿಯಾ ಎಂಬ ಮಾಲ್‌ನಲ್ಲಿ ಅದೇ ಅಡುಗೆಯನ್ನು ಅವಸರದ ಗಿರಾಕಿಗಳಿಗೆ ಬಡಿಸಲು ಆರಂಭಿಸಿದ್ದೇ ಪಾಂಡಾ ಎಕ್ಸ್‌ಪ್ರೆಸ್. ಆಂಡ್ರ್ಯೂ ಅವರ ಪತ್ನಿ, ಎಲೆಕ್ಟ್ರಿಕಲ್ ಎಂಜಿನಿಯರಿಂಗ್‌ನಲ್ಲಿ ಪಿಎಚ್‌ಡಿ ಮಾಡಿದ್ದ ಪೆಗ್ಗಿ ಚೆಂಗ್ ವ್ಯವಹಾರಕ್ಕೆ ಕಂಪ್ಯೂಟರ್ ವ್ಯವಸ್ಥೆಯನ್ನು ತಂದರು. ಇಂದು ಮಳಿಗೆಗಳ ಸಂಖ್ಯೆ 2,000ವನ್ನು ದಾಟಿದೆ. ಆದರೆ ಮಾಲ್‌ನ ಆ ಮೊದಲ ಕಟ್ಟುಪಾಡು ಬದಲಾಗಿಲ್ಲ: ಅಡುಗೆ ಮೊದಲೇ ಆಗಿರುತ್ತದೆ, ಗಾಜಿನ ಹಿಂದೆ ಬಿಸಿಯಾಗಿ ಕಾಯುತ್ತಿರುತ್ತದೆ, ನೀವು ಬೆರಳು ತೋರಿಸಿದ್ದನ್ನು ಬಡಿಸುತ್ತಾರೆ.

ಸಾಲಿನಲ್ಲಿ ನಿಂತ ಕೂಡಲೇ ಬೌಲ್ ಬೇಕೋ ಪ್ಲೇಟ್ ಬೇಕೋ ಎಂದು ಕೇಳುತ್ತಾರೆ. ಬೌಲ್ ಎಂದರೆ ಅನ್ನ ಅಥವಾ ನೂಡಲ್ಸ್ ಜೊತೆಗೆ ಒಂದು ಬಗೆಯ ಖಾದ್ಯ, ಪ್ಲೇಟ್ ಎಂದರೆ ಎರಡು ಬಗೆ, ಬಿಗ್ಗರ್ ಪ್ಲೇಟ್ ಎಂದರೆ ಮೂರು. ಬಿಳಿ ಅನ್ನ, ಫ್ರೈಡ್ ರೈಸ್, ಚೌಮೀನ್ ಮತ್ತು ಸೂಪರ್ ಗ್ರೀನ್ಸ್ ಎಂಬ ಹಸಿರು ತರಕಾರಿ, ಇವುಗಳಲ್ಲಿ ಒಂದನ್ನು ಆರಿಸಬೇಕು. ಎರಡನ್ನು ಅರ್ಧರ್ಧ ಕೇಳಿದರೂ ಬೇಸರಿಸದೆ ಹಾಕುತ್ತಾರೆ. ಸೀಗಡಿಯಂಥ ಕೆಲವು ಬಗೆಗಳಿಗೆ ಹೆಚ್ಚಿನ ದರವಿರುತ್ತದೆ, ಫಲಕವನ್ನು ಓದದವರಿಗೆ ಅದು ಬಿಲ್ಲಿನಲ್ಲಿ ಗೊತ್ತಾಗುತ್ತದೆ.

ಇನ್ನು ಹೊತ್ತಿನ ಮಾತು. ಹನ್ನೆರಡೂವರೆಯ ಊಟದ ಗದ್ದಲದಲ್ಲಿ ಹೋದರೆ ಟ್ರೇಗಳು ಕಣ್ಣೆದುರಿಗೇ ಖಾಲಿಯಾಗುತ್ತವೆ. ಒಳಗಿನಿಂದ ಅಡುಗೆಯವರು ಹೊಗೆಯಾಡುವ ಹೊಸ ಟ್ರೇ ಹೊತ್ತು ತಂದು ಹಳೆಯದನ್ನು ಎತ್ತಿಕೊಂಡು ಹೋಗುತ್ತಾರೆ. ಆ ಗಳಿಗೆಯಲ್ಲಿ ಬಡಿಸಿಕೊಂಡ, ಕರಿದ ಕೋಳಿಗೆ ಕಿತ್ತಳೆಯ ಸಾಸ್ ಸವರಿದ ಆರೆಂಜ್ ಚಿಕನ್‌ನ ಹೊರಪದರ ಹಲ್ಲಿಗೆ ಸಿಕ್ಕೊಡನೆ ಕಟುಮ್ ಎನ್ನುತ್ತದೆ, ಒಳಗಿನ ಮಾಂಸ ಇನ್ನೂ ಮೆತ್ತಗಿರುತ್ತದೆ, ಕಿತ್ತಳೆಯ ಹುಳಿ-ಸಿಹಿಯ ಹಿಂದೆ ತೆಳುವಾದ ಖಾರವೂ ತಿಳಿಯುತ್ತದೆ. ಮೂರೂವರೆಗೆ ಹೋದವರಿಗೆ ಸಿಗುವುದು ಅದೇ ಹೆಸರಿನ ಬೇರೆ ಪದಾರ್ಥ. ಸಾಸ್ ಕುಡಿದು ಮೆತ್ತಗಾದ ಪದರ ಮಾಂಸದಿಂದ ಜಾರಿ ಬರುತ್ತದೆ. ಟ್ರೇಯ ಅಂಚಿಗೆ ಅಂಟಿದ ಚೌಮೀನ್ ಎಳೆಗಳು ಒಣಗಿ ಗಟ್ಟಿಯಾಗಿರುತ್ತವೆ, ಬ್ರೊಕೊಲಿ ಹಸಿರು ಕಳೆದುಕೊಂಡಿರುತ್ತದೆ. 1987ರಲ್ಲಿ ಹವಾಯಿಯಲ್ಲಿ ಆಂಡಿ ಕಾವ್ ಎಂಬ ಬಾಣಸಿಗರು ರೂಪಿಸಿದ ಈ ಆರೆಂಜ್ ಚಿಕನ್ನೇ ಅಂಗಡಿಯ ಹೆಸರುವಾಸಿ ಖಾದ್ಯ. ಅದನ್ನು ತಿಂದೇ ಹೆಚ್ಚಿನವರು ತೀರ್ಪು ಕೊಡುತ್ತಾರೆ, ಆದರೆ ಕಾಯುವುದನ್ನು ಸಹಿಸಲಾರದ ಖಾದ್ಯವೂ ಅದೇ. ಕರಿದು ಸಾಸ್ ಸವರಿದ ಯಾವುದಕ್ಕೂ ಈ ಗತಿ ತಪ್ಪಿದ್ದಲ್ಲ. ಅಣಬೆ ಹಾಕಿದ ಮಶ್ರೂಮ್ ಚಿಕನ್ ಅಥವಾ ಕರಿಮೆಣಸಿನ ಬ್ಲ್ಯಾಕ್ ಪೆಪ್ಪರ್ ಚಿಕನ್ ಇಳಿಹೊತ್ತಿನಲ್ಲಿಯೂ ಪರವಾಗಿಲ್ಲ ಎನ್ನುವಂತಿರುತ್ತವೆ.

ಆದ್ದರಿಂದ ಟ್ರೇಯ ತಳ ಕಾಣುತ್ತಿದ್ದರೆ ಅವಸರಪಡಬೇಡಿ. “ಹೊಸದು ಬರುವವರೆಗೆ ಕಾಯುತ್ತೇನೆ” ಎಂದರೆ ಸಾಕು, ಐದಾರು ನಿಮಿಷದಲ್ಲಿ ಬಿಸಿಬಿಸಿಯಾಗಿ ಸಿಗುತ್ತದೆ. ನಮ್ಮವರು ಹೀಗೆ ಕೇಳಲು ಸಂಕೋಚಪಡುವುದನ್ನು ಬಹಳ ಸಲ ನೋಡಿದ್ದೇನೆ. ಅಲ್ಲಿ ಅದು ಯಾರಿಗೂ ಅಸಭ್ಯವೆನಿಸುವುದಿಲ್ಲ. ರುಚಿ ಗೊತ್ತಿಲ್ಲದ ಪದಾರ್ಥವಿದ್ದರೆ ಸ್ಯಾಂಪಲ್ ಕೇಳಿ, ಸಾಮಾನ್ಯವಾಗಿ ಒಂದು ತುಣುಕು ಕೊಡುತ್ತಾರೆ.

ಪ್ರಮಾಣದ ಬಗೆಗಿನ ದೂರುಗಳಲ್ಲಿಯೂ ಅರ್ಥವಿದೆ. ಇಲ್ಲಿ ಅಳತೆ ಮಾಡುವುದು ತಕ್ಕಡಿಯಲ್ಲ, ಸೌಟು. ಮದುವೆಮನೆಯ ಪಂಕ್ತಿಯಲ್ಲಿ ಬಡಿಸುವವನ ಕೈ ನೋಡಿಯೇ ಪಾಯಸದ ಪಾಲು ಎಷ್ಟೆಂದು ಊಹಿಸುವಂತೆ, ಇಲ್ಲಿಯೂ ಒಬ್ಬರ ಕೈ ಧಾರಾಳ, ಇನ್ನೊಬ್ಬರದು ಬಿಗಿ. ಕೆಲವರು ಸೌಟನ್ನು ಟ್ರೇಯ ಅಂಚಿಗೆ ಒಮ್ಮೆ ತಟ್ಟುತ್ತಾರೆ, ಎರಡು ತುಂಡು ಮರಳಿ ಟ್ರೇಗೆ ಬೀಳುತ್ತವೆ, ಗಿರಾಕಿಯ ಕಣ್ಣು ಆ ಎರಡು ತುಂಡಿನ ಮೇಲೆಯೇ ನೆಡುತ್ತದೆ. ನನಗೆ ಇದರಲ್ಲಿ ದೊಡ್ಡ ಅನ್ಯಾಯವೇನೂ ಕಾಣುವುದಿಲ್ಲ. ಒಂದು ಪಾಲು ಆರೆಂಜ್ ಚಿಕನ್‌ನಲ್ಲೇ ಸುಮಾರು 500 ಕ್ಯಾಲೊರಿ, ಚೌಮೀನ್‌ನಲ್ಲಿ ಅದಕ್ಕೂ ತುಸು ಹೆಚ್ಚು ಇರುವುದರಿಂದ, ನಿಮ್ಮ ವಯಸ್ಸಿನವರಿಗೆ ಒಂದು ಪ್ಲೇಟ್ ಒಂದು ಹೊತ್ತಿಗೆ ಮಿಕ್ಕುತ್ತದೆ. ಉಪ್ಪಿನಂಶವೂ ಕಡಿಮೆಯಿಲ್ಲ, ರಕ್ತದೊತ್ತಡವಿದ್ದರೆ ಎಚ್ಚರ.

ಅತಿ ಕಹಿಯಾದ ವಿಮರ್ಶೆಗಳಲ್ಲಿ ಹಲವು ಡ್ರೈವ್-ಥ್ರೂ ಅಥವಾ ಆ್ಯಪ್ ಮೂಲಕ ತರಿಸಿಕೊಂಡವರದಾಗಿರುವುದನ್ನು ಗಮನಿಸಿ. ಕೌಂಟರಿನಲ್ಲಿ ನಿಂತವನಿಗೆ ಟ್ರೇ ಕಾಣುತ್ತದೆ, “ಅದು ಬೇಡ, ಇದು ಹಾಕಿ” ಎನ್ನುವ ಅವಕಾಶವಿರುತ್ತದೆ. ಕಾರಿನಲ್ಲಿ ಕುಳಿತವನಿಗೆ ಸಿಗುವುದು ಮುಚ್ಚಿದ ಪೊಟ್ಟಣ. ಮನೆಗೆ ಹೋಗಿ ಬಿಚ್ಚಿದಾಗ ಸ್ಪ್ರಿಂಗ್ ರೋಲ್ ಇಲ್ಲದಿದ್ದರೆ ಸಿಟ್ಟು ಬರುವುದು ಸಹಜ. ಇನ್ನೊಂದು ವಿಷಯವನ್ನು ಹೆಚ್ಚಿನವರು ಅರಿತಿಲ್ಲ: ಬೀದಿಯಲ್ಲಿ ಕಾಣುವ ಮಳಿಗೆಗಳಲ್ಲಿ ಹೆಚ್ಚಿನವನ್ನು ಕಂಪನಿಯೇ ನಡೆಸುತ್ತದೆ, ಆದರೆ ವಿಮಾನ ನಿಲ್ದಾಣ, ವಿಶ್ವವಿದ್ಯಾಲಯದಂಥ ಕಡೆ ಪರವಾನಗಿ ಪಡೆದ ಬೇರೆಯವರು ನಡೆಸುವುದುಂಟು. ವಿಮಾನ ನಿಲ್ದಾಣದ ಒಂದು ಊಟದಿಂದ ಇಡೀ ಅಂಗಡಿಯನ್ನು ಅಳೆಯುವುದು ಸರಿಯಲ್ಲ.

ನಿಮ್ಮ ಶ್ರೀಮತಿಯವರ ವಿಷಯದಲ್ಲಿ ಮಾತ್ರ ನಾನು ನಿಷ್ಠುರವಾಗಿಯೇ ಹೇಳಬೇಕಾಗಿದೆ. ಅಡುಗೆಯ ಪಾತ್ರೆಗಳು ಎಲ್ಲ ಪದಾರ್ಥಗಳಿಗೂ ಒಂದೇ ಆಗಿರುವುದರಿಂದ ತಮ್ಮಲ್ಲಿ ಸಸ್ಯಾಹಾರಿ ಖಾದ್ಯವಿದೆ ಎಂದು ಹೇಳಿಕೊಳ್ಳಲು ಕಂಪನಿಯೇ ಮುಂದಾಗಿಲ್ಲ. ಚೌಮೀನ್, ಸೂಪರ್ ಗ್ರೀನ್ಸ್, ತರಕಾರಿಯ ಸ್ಪ್ರಿಂಗ್ ರೋಲ್, ಕೆಲವೆಡೆ ಸಿಗುವ ಬದನೆಕಾಯಿ-ತೋಫು, ಇವುಗಳಲ್ಲಿ ಮಾಂಸದ ತುಂಡು ಕಾಣುವುದಿಲ್ಲ ನಿಜ, ಆದರೆ ಅದೇ ಬಾಣಲೆಯಲ್ಲಿ ಅದಕ್ಕೆ ಮೊದಲು ದನದ ಮಾಂಸ ಬೆಂದಿರಬಹುದು. ಫ್ರೈಡ್ ರೈಸ್‌ನಲ್ಲಿ ಮೊಟ್ಟೆಯಿದೆ. ಪಾತ್ರೆಯ ಮುಸುರೆಯನ್ನೂ ಲೆಕ್ಕಕ್ಕೆ ತೆಗೆದುಕೊಳ್ಳುವ ಮಡಿವಂತಿಕೆ ಅವರದಾದರೆ ಬಿಳಿ ಅನ್ನದ ಆಚೆಗೆ ಹೋಗದಿರುವುದೇ ಲೇಸು, ಅಷ್ಟಕ್ಕಾಗಿ ಅವರನ್ನು ಅಲ್ಲಿಗೆ ಕರೆದೊಯ್ಯುವುದರಲ್ಲಿ ಅರ್ಥವೂ ಇಲ್ಲ. ಕಣ್ಣಿಗೆ ಕಾಣದಿದ್ದರೆ ಸಾಕು ಎನ್ನುವವರಾದರೆ ಅರ್ಧ ಅನ್ನ, ಅರ್ಧ ಚೌಮೀನ್, ಜೊತೆಗೆ ಸೂಪರ್ ಗ್ರೀನ್ಸ್ ಕೇಳಿ, ಬಡಿಸುವ ಸೌಟನ್ನು ಬದಲಿಸಲು ಹೇಳಿ.

ನೀವಿಬ್ಬರೂ ಬೆಂಗಳೂರಿನ ಗೋಬಿ ಮಂಚೂರಿಯ ರುಚಿಯನ್ನು ಮನಸ್ಸಿನಲ್ಲಿಟ್ಟುಕೊಂಡು ಹೋಗಬೇಡಿ. ಹಸಿಮೆಣಸಿನಕಾಯಿ, ಶುಂಠಿ, ಬೆಳ್ಳುಳ್ಳಿಯ ಆ ಘಾಟು ಭಾರತದ ಚೈನೀಸ್ ಅಡುಗೆಯದು. ಅಮೆರಿಕದ ಚೈನೀಸ್ ಅಡುಗೆ ಅಲ್ಲಿನವರ ನಾಲಗೆಗೆ ತಕ್ಕಂತೆ ಸಿಹಿಯ ಕಡೆಗೆ ವಾಲಿದೆ, ಅಲ್ಲಿ ಖಾರ ಎಂದು ಗುರುತು ಹಾಕಿದ್ದು ನಮಗೆ ಸಪ್ಪೆಯೇ. ಇದ್ದುದರಲ್ಲಿ ಒಣಮೆಣಸಿನಕಾಯಿ, ಕಡಲೆಕಾಯಿ ಬೀಜ ಹಾಕಿದ ಕುಂಗ್ ಪಾವ್ ಚಿಕನ್ ನಿಮಗೆ ಹಿಡಿಸೀತು. ಹಣ ಕೊಡುವಲ್ಲಿ ಚಿಲ್ಲಿ ಸಾಸ್‌ನ ಪುಟ್ಟ ಪೊಟ್ಟಣಗಳನ್ನು ಕೇಳಿ ಪಡೆಯಿರಿ, ಅವಕ್ಕೆ ಬೇರೆ ದರವಿಲ್ಲ, ಒಂದೆರಡು ಕೊಟ್ಟರೆ ಇನ್ನೂ ನಾಲ್ಕು ಬೇಕೆಂದು ಹೇಳಿ.