ಎರಡು ಪದಕ, ಅರ್ಧ ಪುಟದ ಫೋಟೊ

ಚಿಂತಾಮಣಿಯಿಂದ ನಿವೃತ್ತ ಮೇಷ್ಟ್ರೊಬ್ಬರು ಬರೆದಿದ್ದಾರೆ: "ಹಾಂಗ್‌ಝೌ ಏಷ್ಯನ್ ಗೇಮ್ಸ್ ಟೆನಿಸ್‌ನಲ್ಲಿ ನಮಗೆ ಸಿಕ್ಕಿದ್ದು ಎರಡೇ ಪದಕ. ನೀವು ಬೋಪಣ್ಣನವರ ಫೋಟೊ ಅರ್ಧ ಪುಟಕ್ಕೆ ಹಾಕಿದ್ದೀರಿ. ಸೋತ ಪಂದ್ಯಗಳ ಸುದ್ದಿಯೇ ಇಲ್ಲ. ಇದು ಸರಿಯಾ?"

ಸರಿಯಲ್ಲ ಮೇಷ್ಟ್ರೇ. ಸೋತವರ ಬಗ್ಗೆಯೂ ಬರೆಯಬೇಕಿತ್ತು. 2014ರಲ್ಲಿ ಐದು ಪದಕ, 2018ರಲ್ಲಿ ಮೂರು, 2023ರ ಈ ಸಲ ಎರಡು. ಇಳಿಯುತ್ತಾ ಬಂದಿರುವುದು ನಿಜ.

ಆದರೆ ಆ ಫೋಟೊ ಮಾತ್ರ ಇನ್ನೊಮ್ಮೆ ಕೇಳಿದರೂ ಹಾಕುತ್ತೇನೆ. ಪುರುಷರ ಡಬಲ್ಸ್‌ನಲ್ಲಿ ಬೋಪಣ್ಣ ಮತ್ತು ಯೂಕಿ ಭಾಂಬ್ರಿ ಅಗ್ರ ಶ್ರೇಯಾಂಕದ ಜೋಡಿ. ಉಜ್ಬೇಕಿಸ್ತಾನದವರಿಗೆ ಸೋತು ಬೇಗನೇ ಹೊರಬಿದ್ದರು. ಅದೂ ಸೂಪರ್ ಟೈಬ್ರೇಕರ್‌ನಲ್ಲಿ. ಮೂರನೇ ಸೆಟ್ ಬದಲು ಆಡುವ ಆಟ ಅದು. ಎರಡು ಪಾಯಿಂಟ್ ಅಂತರವಿಟ್ಟು ಮೊದಲು ಹತ್ತು ಮುಟ್ಟಿದವರು ಗೆದ್ದಂತೆ. ತಪ್ಪು ತಿದ್ದಿಕೊಳ್ಳಲು ಟೈಮೇ ಇರುವುದಿಲ್ಲ.

ಸೆಪ್ಟೆಂಬರ್ 30, ಶನಿವಾರ. ಋತುಜಾ ಭೋಸಲೆ ಜೊತೆ ಮಿಶ್ರ ಡಬಲ್ಸ್ ಫೈನಲ್. ಚಿಕ್ಕಬಳ್ಳಾಪುರದ ಬಿ.ಬಿ. ರಸ್ತೆಯ ಟೀ ಅಂಗಡಿಯಲ್ಲಿ ನಾಲ್ಕು ಜನ ಒಂದೇ ಮೊಬೈಲ್‌ಗೆ ಬಗ್ಗಿ ನೋಡುತ್ತಿದ್ದೆವು. ಚೈನೀಸ್ ತೈಪೆ ಜೋಡಿ ಮೊದಲ ಸೆಟ್ಟನ್ನು 6-2ರಲ್ಲಿ ಹೊಡೆದುಕೊಂಡು ಹೋಯಿತು. "ಮುಗೀತು ಬಿಡಿ ಸಾರ್" ಎಂದು ಅಂಗಡಿಯವರು ಲೋಟ ತೊಳೆಯಲು ಹೋದರು. ಎರಡನೆಯದು 6-3, ನಮ್ಮದು. ಮತ್ತೆ ಅದೇ ಸೂಪರ್ ಟೈಬ್ರೇಕರ್! ಅಂಗಡಿಯವರು ಒದ್ದೆ ಕೈಯಲ್ಲೇ ಬಂದು ನಿಂತರು. 10-4. ಕೊಡಗಿನ 43 ವರ್ಷದ ಆಟಗಾರ, ತಮ್ಮ ಕೊನೆಯ ಏಷ್ಯನ್ ಗೇಮ್ಸ್‌ನಲ್ಲಿ, ಅದೇ ವಾರ ಕೈಕೊಟ್ಟಿದ್ದ ಟೈಬ್ರೇಕರ್‌ನಲ್ಲೇ ಚಿನ್ನ ಗೆದ್ದರು. ಅದಕ್ಕೆ ಅರ್ಧ ಪುಟ ಜಾಸ್ತಿ ಅಂತ ನನಗೆ ಅನಿಸುವುದಿಲ್ಲ.

ಇನ್ನೊಂದು ಪದಕ ಪುರುಷರ ಡಬಲ್ಸ್ ಬೆಳ್ಳಿ. ಗೆದ್ದವರು ಸಾಕೇತ್ ಮೈನೇನಿ, ರಾಮ್‌ಕುಮಾರ್ ರಾಮನಾಥನ್.

ನನಗೆ ಹೊಟ್ಟೆ ಉರಿದದ್ದು ಸಿಂಗಲ್ಸ್ ನೋಡಿ. ಸುಮಿತ್ ನಾಗಲ್, ಅಂಕಿತಾ ರೈನಾ ಇಬ್ಬರೂ ಕ್ವಾರ್ಟರ್‌ಫೈನಲ್‌ನಲ್ಲಿ ಮೊದಲ ಸೆಟ್ ಗೆದ್ದು ಆಮೇಲೆ ಸೋತರು. ಏಷ್ಯನ್ ಗೇಮ್ಸ್ ಟೆನಿಸ್‌ನಲ್ಲಿ ಸೆಮಿಫೈನಲ್ ಸೋತ ಇಬ್ಬರಿಗೂ ಕಂಚು ಕೊಡುತ್ತಾರೆ. ಅಂದರೆ ಇನ್ನೊಂದೊಂದು ಸೆಟ್ ಗೆದ್ದಿದ್ದರೆ ಇಬ್ಬರ ಕೊರಳಲ್ಲೂ ಪದಕ ಇರುತ್ತಿತ್ತು. ಎರಡು ನಾಲ್ಕಾಗುತ್ತಿತ್ತು! ನಾಗಲ್‌ರನ್ನು ಸೋಲಿಸಿದ ಚೀನಾದ ಝಾಂಗ್ ಝಿಝೆನ್ ಕೊನೆಗೆ ಚಿನ್ನವನ್ನೇ ಗೆದ್ದರು. ಅಂಥವರ ಕೈಯಿಂದ, ಅವರದೇ ನೆಲದಲ್ಲಿ, ಒಂದು ಸೆಟ್ ಕಿತ್ತುಕೊಂಡಿದ್ದು ಸುಮ್ನೆ ಮಾತಲ್ಲ ಅಲ್ವಾ? ನಾವು ಅದಕ್ಕೆ ಒಂದು ಸಾಲೂ ಕೊಡಲಿಲ್ಲ.

ಮುಂದಿನ ಸಂಚಿಕೆಯಲ್ಲಿ ಆ ಎರಡು ಪಂದ್ಯಗಳಿಗೇ ಒಂದು ಪುಟ ಮೀಸಲಿಟ್ಟಿದ್ದೇವೆ. ಓದಿ ಮತ್ತೆ ಬರೆಯಿರಿ ಮೇಷ್ಟ್ರೇ.

– ಸಂಪಾದಕ