ಕೊನೆಗೂ ಹೇಳಲಿಲ್ಲ ಅಂತ ಸಿಟ್ಟೇ?

ಪತ್ರ: 'ಸೌಂಡ್ ಆಫ್ ಮೈ ವಾಯ್ಸ್' ನೋಡಿದೆ. ಒಂದೂವರೆ ಗಂಟೆ ಕೂರಿಸಿ, ಆ ಹೆಂಗಸು ನಿಜವಾಗಿ ಮುಂದಿನ ಕಾಲದಿಂದ ಬಂದವಳೋ ಮೋಸಗಾತಿಯೋ ಹೇಳದೆ ಮುಗಿಸಿಬಿಟ್ಟರು. ಕ್ಲೈಮ್ಯಾಕ್ಸ್ ತೆಗೆಯಲು ದುಡ್ಡಿಲ್ಲದೆ ಹೀಗೆ ಮಾಡ್ತಾರಾ?
– ಹೆಸರು ಬೇಡ ಎಂದ ಓದುಗರು, ಶಿರಸಿ

ಸಂಪಾದಕರ ಉತ್ತರ: ಮೊದಲ ಸಲ ನೋಡಿದಾಗ ನಾನೂ ರಿಮೋಟನ್ನು ಸೋಫಾ ಮೇಲೆ ಎಸೆದಿದ್ದೆ. ಹಾಗಾಗಿ ನಿಮ್ಮ ಸಿಟ್ಟಿಗೆ ನನ್ನದೂ ಒಂದು ಸಹಿ. (ಸಿನಿಮಾ ನೋಡದವರು ಇಲ್ಲಿಗೇ ನಿಲ್ಲಿಸಿ, ಮುಂದೆ ಗುಟ್ಟೆಲ್ಲ ಬಿಟ್ಟುಕೊಟ್ಟಿದ್ದೇನೆ.)

ದುಡ್ಡು ಕಡಿಮೆ ಇದ್ದದ್ದು ನಿಜ, ಅದು ಕಣ್ಣಿಗೇ ಕಾಣುತ್ತದೆ. ನಿರ್ದೇಶಕ ಜಾಲ್ ಬಾಟ್‌ಮಾಂಗ್ಲಿಜ್, ಆ ಹೆಂಗಸು ಅಂದರೆ ಮ್ಯಾಗಿಯ ಪಾತ್ರ ಮಾಡಿದ ಬ್ರಿಟ್ ಮಾರ್ಲಿಂಗ್ ಇಬ್ಬರೇ ಕೂತು ಬರೆದದ್ದು, 2011ರಲ್ಲಿ ಅಮೆರಿಕದ ಸನ್‌ಡಾನ್ಸ್ ಚಿತ್ರೋತ್ಸವದಲ್ಲಿ ಮೊದಲು ತೋರಿಸಿದ್ದು. ಇರುವುದೇನು? ಒಂದು ಮನೆಯ ನೆಲಮಾಳಿಗೆ, ಬಿಳಿ ಬಟ್ಟೆ ತೊಟ್ಟು ನೆಲದ ಮೇಲೆ ಕೂತ ಒಂದಿಷ್ಟು ಜನ, 2054ರಿಂದ ಬಂದೆ ಎನ್ನುವ ಒಬ್ಬಳು. ಅಷ್ಟೇ.

ಆದರೆ ಅವರು ಹೇಳಲೇ ಇಲ್ಲ ಅಂತೀರಲ್ಲ, ಅದನ್ನು ಒಪ್ಪಲಾರೆ. ಹಾಡಿನ ದೃಶ್ಯ ನೆನಪಿದೆಯಾ? ನಿಮ್ಮ ಕಾಲದ ಒಂದು ಹಾಡು ಹಾಡಿ ಎಂದು ಯಾರೋ ಕೇಳುತ್ತಾರೆ. ಅವಳು ಸ್ವಲ್ಪ ಹಿಂದೆಮುಂದೆ ನೋಡಿ ಹಾಡುತ್ತಾಳೆ. ಚೆನ್ನಾಗಿಯೇ ಹಾಡುತ್ತಾಳೆ. ಅದು ತೊಂಬತ್ತರ ದಶಕದ ಹಾಡಲ್ವಾ ಎಂದು ಒಬ್ಬ ಮೆಲ್ಲಗೆ ಹೇಳುತ್ತಾನೆ. ನಮ್ಮ ಕಾಲದಲ್ಲಿ ಬೇರೆಯವರು ಅದನ್ನು ಹಾಡಿ ಹೆಸರು ಮಾಡಿದರು ಎನ್ನುತ್ತಾಳೆ ಅವಳು. ಸಿಕ್ಕಿಬಿದ್ದಳು! ಆದರೆ ಹೊರಗೆ ಹೋಗಬೇಕಾದದ್ದು ಅನುಮಾನ ಪಟ್ಟವನು. ಉಳಿದವರು ಕೂತಲ್ಲೇ ಕೂತಿರುತ್ತಾರೆ. ನನ್ನ ಮಟ್ಟಿಗೆ ಕ್ಲೈಮ್ಯಾಕ್ಸ್ ಅದೇ, ನಡುವಿನಲ್ಲೇ ಬಂದು ಹೋಯಿತು.

ಕೊನೆಯಲ್ಲಿ ಏನಾಗುತ್ತದೆ? ಇವಳೇ ಮುಂದೆ ನನ್ನ ತಾಯಿ ಆಗುವವಳು ಎಂದು ಮ್ಯಾಗಿ ಹೇಳುವ ಆ ಪುಟ್ಟ ಹುಡುಗಿ ಅವಳ ಜೊತೆ ಕೈ ತಟ್ಟಿ, ಬೆರಳು ತಿರುಗಿಸಿ, ನೆಲಮಾಳಿಗೆಯ ಗುಂಪಿನವರು ಮಾಡುವ ಅದೇ ಗುಟ್ಟಿನ ಕೈಕುಲುಕಾಟ ಮಾಡುತ್ತಾಳೆ. ನನ್ನ ಗುಟ್ಟು ನಿನಗೆ ಹೇಗೆ ಗೊತ್ತು ಅಂತಾಳೆ ಹುಡುಗಿ. ನೀನೇ ಕಲಿಸಿದ್ದು ಅಂತಾಳೆ ಮ್ಯಾಗಿ. ಇಷ್ಟು ಸಾಕಾಯಿತು, ಹಾಡಿನ ವಿಷಯ ನಾನೂ ಮರೆತೆ, ನೀವೂ ಮರೆತಿರಿ. ಮರೆಯದಿದ್ದರೆ 'ನಿಜವೋ ಮೋಸವೋ' ಎಂದು ನನಗೆ ಕಾಗದ ಬರೆಯುತ್ತಿದ್ದಿರಾ? ಇಷ್ಟಾದ ಮೇಲೆ ನೆಲಮಾಳಿಗೆಯಲ್ಲಿ ಕೂತವರನ್ನು ಪೆದ್ದರು ಎನ್ನಲು ನನಗಂತೂ ಬಾಯಿ ಬರುವುದಿಲ್ಲ. 1997ರಲ್ಲಿ ಕ್ಯಾಲಿಫೋರ್ನಿಯಾದ ಹೆವೆನ್ಸ್ ಗೇಟ್ ಪಂಥದ 39 ಜನ ಧೂಮಕೇತುವಿನ ಹಿಂದೆ ತಮ್ಮನ್ನು ಕರೆದೊಯ್ಯುವ ನೌಕೆ ಬರುತ್ತಿದೆ ಎಂದು ನಂಬಿ, ಬ್ಯಾಗ್ ಕಟ್ಟಿಟ್ಟು ಪ್ರಾಣ ಬಿಟ್ಟರು. ಅವರೂ ಯಾವುದೋ ಒಂದು ಹಾಡನ್ನು ಕೇಳಿಸಿಕೊಂಡು ಸುಮ್ನಿದ್ದವರೇ ಇರಬೇಕು.

ಹಾಗಂತ ನಡುವೆ ಕೈಬಿಡುವ ಸಿನಿಮಾಗಳೆಲ್ಲ ಜಾಣ ಸಿನಿಮಾಗಳಲ್ಲ. ಮುಗಿಸಲು ಬಾರದೆ ಕತ್ತಲು ಮಾಡಿ ಎದ್ದು ಹೋಗುವವರು ಜಾಸ್ತಿಯೇ ಇದ್ದಾರೆ.

ಏನಿದೆಯೋ ಅದನ್ನು ಹೇಳಿಬಿಡುವ ಸಿನಿಮಾ ಬೇಕಿದ್ದರೆ 2017ರ 'ದಿ ಎಂಡ್‌ಲೆಸ್' ನೋಡಿ. ಪಂಥ ಬಿಟ್ಟು ಬಂದ ಅಣ್ಣತಮ್ಮಂದಿರು ಮತ್ತೆ ಅಲ್ಲಿಗೇ ಹೋಗುವ ಕಥೆ. ನಿರ್ದೇಶಕರಾದ ಜಸ್ಟಿನ್ ಬೆನ್ಸನ್, ಆರನ್ ಮೂರ್‌ಹೆಡ್ ತಾವೇ ಆ ಅಣ್ಣತಮ್ಮ. ಅಲ್ಲೊಂದು ರಾತ್ರಿ, ಬೆಂಕಿ ಸುತ್ತ ಜನ. ಒಂದು ದಪ್ಪ ಹಗ್ಗ ನೆಟ್ಟಗೆ ಮೇಲೆ ಕತ್ತಲೊಳಗೆ ಹೋಗಿದೆ. ಒಬ್ಬೊಬ್ಬರೇ ಹಿಡಿದು ಎಳೆಯಬೇಕು. ಮೇಲಿನಿಂದ ಏನೋ ತಿರುಗಿ ಎಳೆಯುತ್ತದೆ.

ಆ ಹಗ್ಗಕ್ಕೆ ಎಷ್ಟು ಖರ್ಚಾಗಿರಬಹುದು, ನೋಡಿ ಬರೆಯಿರಿ.