ವಿಯೆಟ್ನಾಂನ ಯುದ್ಧಕೈದಿಗಳಿಗೆ ಸಿಕ್ಕ ಸ್ವಾಗತ ಉಳಿದ ಸೈನಿಕರಿಗೆ ಏಕೆ ಸಿಗಲಿಲ್ಲ?

1973ರಲ್ಲಿ ಉತ್ತರ ವಿಯೆಟ್ನಾಂನ ರಾಜಧಾನಿ ಹನೋಯಿಯಿಂದ ಬಿಡುಗಡೆಯಾದ ಅಮೆರಿಕದ ಕೈದಿಗಳನ್ನು ಇಡೀ ದೇಶ ಎದ್ದು ನಿಂತು ಬರಮಾಡಿಕೊಂಡಿತು, ಅದೇ ಯುದ್ಧದಿಂದ ಮರಳಿದ ಲಕ್ಷಾಂತರ ಸೈನಿಕರತ್ತ ಮಾತ್ರ ಯಾರೂ ಏಕೆ ತಿರುಗಿ ನೋಡಲಿಲ್ಲ ಎಂದು ಕೇಳಿದ್ದೀರಿ. ಯುದ್ಧದ ಮೇಲೆ ಜನರಿಗಿದ್ದ ಸಿಟ್ಟೇ ಕಾರಣ ಎಂದು ಸಾಮಾನ್ಯವಾಗಿ ಹೇಳುತ್ತಾರೆ. ಅದು ಸುಳ್ಳಲ್ಲ. ಆದರೆ ಅವರು ಮನೆಗೆ ಮರಳಿದ ರೀತಿಯೂ ಅಷ್ಟೇ ದೊಡ್ಡ ಕಾರಣ ಎಂದು ನಾನು ಬಲವಾಗಿ ನಂಬುತ್ತೇನೆ.

ಮೊದಲು ಕೈದಿಗಳ ವಿಷಯ. ಹನೋಯಿಯ ಹೋವಾ ಲೋ ಸೆರೆಮನೆಯನ್ನು ಫ್ರೆಂಚರು ಕಟ್ಟಿಸಿದ್ದು ವಿಯೆಟ್ನಾಮೀಯರನ್ನೇ ಕೂಡಿಹಾಕಲು. ಅಲ್ಲಿ ನರಳಿದವರು ಅಮೆರಿಕನ್ನರಷ್ಟೇ ಅಲ್ಲ ಎಂಬುದನ್ನು ಮರೆಯಬಾರದು. ಯುದ್ಧಕಾಲದಲ್ಲಿ ಉತ್ತರ ವಿಯೆಟ್ನಾಂನವರು ಅಲ್ಲಿ ಸೆರೆಸಿಕ್ಕ ಅಮೆರಿಕದ ಪೈಲಟ್‌ಗಳ ಮೊಣಕೈಗಳನ್ನು ಬೆನ್ನ ಹಿಂದೆ ಹಗ್ಗದಿಂದ ಬಿಗಿದು, ಭುಜದ ಕೀಲು ತಪ್ಪುವಂತೆ ಎಳೆದು, ತಪ್ಪೊಪ್ಪಿಗೆ ಬರೆಸಿಕೊಳ್ಳುತ್ತಿದ್ದರು. ಹಿಂಸೆ ತಾಳಲಾರದೆ ಸಹಿ ಹಾಕಿ ಕೋಣೆಗೆ ಮರಳಿದವನು ತಾನೊಬ್ಬನೇ ಸೋತೆನೆಂದು ಕೊರಗುತ್ತಿದ್ದಾಗ ಪಕ್ಕದ ಗೋಡೆಯಿಂದ ಬಡಿತ ಕೇಳಿಸುತ್ತಿತ್ತು. ಇಂಗ್ಲಿಷ್ ಅಕ್ಷರಗಳನ್ನು ಐದು ಅಡ್ಡಸಾಲು, ಐದು ಕಂಬಸಾಲುಗಳಲ್ಲಿ ಜೋಡಿಸಿಕೊಂಡಿದ್ದರು. ‘ಕೆ’ಗೆ ಜಾಗವಿಲ್ಲ, ‘ಸಿ’ಯೇ ಅದರ ಕೆಲಸವನ್ನೂ ಮಾಡುತ್ತಿತ್ತು. ಮೊದಲ ಬಡಿತಗಳು ಅಡ್ಡಸಾಲಿಗೆ, ನಂತರದವು ಕಂಬಸಾಲಿಗೆ. ಎರಡು ಬಡಿತ, ಮತ್ತೆ ಎರಡು: ‘ಜಿ’. ಒಂದು, ಎರಡು: ‘ಬಿ’. ನಾಲ್ಕು, ಐದು: ‘ಯು’. ‘ಗಾಡ್ ಬ್ಲೆಸ್ ಯೂ’, ಅಂದರೆ ದೇವರು ನಿನ್ನನ್ನು ಕಾಪಾಡಲಿ ಎಂಬುದರ ಹ್ರಸ್ವರೂಪ ಅದು. ಮುಖವನ್ನೇ ಕಂಡಿರದವರು ಈ ಬಡಿತದಿಂದಲೇ ಆಪ್ತರಾದರು. ಕಾಲಿಗೆ ಕೋಳ ಬಿದ್ದು ವರ್ಷಗಟ್ಟಲೆ ಒಂಟಿ ಕೋಣೆಯಲ್ಲಿದ್ದ ನೌಕಾಪಡೆಯ ಹಿರಿಯ ಅಧಿಕಾರಿ ಜೇಮ್ಸ್ ಸ್ಟಾಕ್‌ಡೇಲ್ ಈ ಗೋಡೆಗಳ ಮೂಲಕವೇ ತಮ್ಮವರಿಗೆ ಆದೇಶ ಕಳಿಸುತ್ತಿದ್ದರು.

ಅವರು ಮರಳಿದ್ದೂ ಒಟ್ಟಾಗಿಯೇ. ಯುದ್ಧ ನಿಲ್ಲಿಸಲು ಆದ ಪ್ಯಾರಿಸ್ ಒಪ್ಪಂದದ ನಂತರ, 1973ರ ಫೆಬ್ರವರಿ 12ರಿಂದ, ಒಟ್ಟು 591 ಮಂದಿ ಬಿಡುಗಡೆಯಾದರು. ಹನೋಯಿಯಲ್ಲಿ ಮೊದಲು ಸೆರೆಸಿಕ್ಕವರಿಗೆ ಮೊದಲ ಸರದಿ. ಫಿಲಿಪೀನ್ಸ್‌ನಲ್ಲಿ ವೈದ್ಯರು, ಮನೆಗೆ ಫೋನ್, ಹೊಸ ಸಮವಸ್ತ್ರ, ಆಮೇಲೆ ಊರು. ಹಾಗೆಂದು ಎಲ್ಲರಿಗೂ ಮನೆ ಉಳಿದಿರಲಿಲ್ಲ. ಎಂಟು ವರ್ಷಕ್ಕೂ ಹೆಚ್ಚು ಕಾಲ ಸೆರೆಯಲ್ಲಿದ್ದ ಪೈಲಟ್ ಎವೆರೆಟ್ ಆಲ್ವರೆಜ್ ಹಿಂದಿರುಗುವ ಮೊದಲೇ ಅವರ ಪತ್ನಿ ವಿಚ್ಛೇದನ ಪಡೆದಿದ್ದರು.

ಇನ್ನು ಸಾಮಾನ್ಯ ಸೈನಿಕ. ಅವನ ಗಡುವು ಹನ್ನೆರಡು ತಿಂಗಳು. ಗೆಳೆಯರು ಇನ್ನೂ ಕಾಡಿನಲ್ಲಿ ಗುಂಡಿನ ನಡುವೆ ಇರುವಾಗ ಇವನೊಬ್ಬನ ದಿನ ಮುಗಿಯುತ್ತಿತ್ತು. ಗುರುತಿಲ್ಲದವರ ಜೊತೆ ವಿಮಾನ ಹತ್ತಿ ಕ್ಯಾಲಿಫೋರ್ನಿಯಾದ ಓಕ್ಲೆಂಡ್ ಸೇನಾನೆಲೆಗೆ ಬಂದರೆ ಅಲ್ಲೊಂದು ಮಾಂಸದೂಟ, ಹೊಸ ಸಮವಸ್ತ್ರ, ಬಾಕಿ ಸಂಬಳ. ಅಲ್ಲಿಗೆ ಸೇನೆಯ ಕೆಲಸ ಮುಗಿಯಿತು. ಕೆಲವೇ ದಿನಗಳ ಹಿಂದೆ ಗುಂಡು ಹಾರಿಸುತ್ತಿದ್ದ ಇಪ್ಪತ್ತರ ಹುಡುಗ ಅಮ್ಮನ ಅಡುಗೆಮನೆಯಲ್ಲಿ ಕುಳಿತಿರುತ್ತಿದ್ದ, ಕಂಡದ್ದನ್ನು ಹೇಳಿಕೊಳ್ಳಲು ಜೊತೆಯಲ್ಲಿದ್ದವರು ಒಬ್ಬರೂ ಇಲ್ಲ. ನನಗೆ ಇದೇ ದೊಡ್ಡ ಕ್ರೌರ್ಯವಾಗಿ ಕಾಣುತ್ತದೆ.

ಇದರ ಫಲ ಅಂಕಿಗಳಲ್ಲೂ ಇದೆ. 1980ರ ದಶಕದ ರಾಷ್ಟ್ರೀಯ ಅಧ್ಯಯನದ ಪ್ರಕಾರ, ವಿಯೆಟ್ನಾಂನಲ್ಲಿ ಸೇವೆ ಸಲ್ಲಿಸಿದ್ದ ಅಮೆರಿಕದ ಪುರುಷರಲ್ಲಿ ಸುಮಾರು ಶೇ. 15ರಷ್ಟು ಮಂದಿಗೆ ಯುದ್ಧದಾಘಾತದ ಮನೋವ್ಯಾಧಿ ಆಗಲೂ ಇತ್ತು. ಅಷ್ಟು ಹಿಂಸೆ ಉಂಡ ಪೈಲಟ್ ಕೈದಿಗಳಲ್ಲಿ ಅದರ ಪ್ರಮಾಣ ಕಡಿಮೆ. ಅವರು ವಯಸ್ಸಿನಲ್ಲಿ ಹಿರಿಯರು, ತರಬೇತಾದ ಅಧಿಕಾರಿಗಳು ಎಂಬುದೂ ಇದಕ್ಕೆ ಕಾರಣ, ನಿಜ. ಆದರೂ ಗೋಡೆಯಾಚೆ ಒಬ್ಬನಿದ್ದಾನೆ ಎಂಬ ಧೈರ್ಯವನ್ನು ನಾನು ಲೆಕ್ಕದಿಂದ ಬಿಡಲಾರೆ.

ಸಾಮಾನ್ಯ ಸೈನಿಕರು ಆ ಜೊತೆಯನ್ನು ಆಮೇಲೆ ತಾವೇ ಕಟ್ಟಿಕೊಂಡರು. 1970ರ ಕೊನೆಯಲ್ಲಿ ನ್ಯೂಯಾರ್ಕ್‌ನಲ್ಲಿ ಕೆಲವರು ವಾರವಾರವೂ ಸೇರಿ, ಇಬ್ಬರು ಮನೋವೈದ್ಯರನ್ನೂ ಜೊತೆಗೆ ಕೂರಿಸಿಕೊಂಡು, ಯಾರಿಗೂ ಹೇಳದ್ದನ್ನು ಹೇಳಿಕೊಂಡರು. ಸರ್ಕಾರ ಅವರಿಗಾಗಿ ಊರೂರಲ್ಲಿ ಆಪ್ತಸಲಹಾ ಕೇಂದ್ರಗಳನ್ನು ತೆರೆಯಲು ಮುಂದಾದದ್ದು 1979ರಲ್ಲಿ. ಮರುವರ್ಷ ಅವರ ನೋವು ವೈದ್ಯರ ಅಧಿಕೃತ ಪಟ್ಟಿಗೆ ಕಾಯಿಲೆಯಾಗಿ ಸೇರಿತು. ಅದಕ್ಕಾಗಿ ಪಟ್ಟುಹಿಡಿದು ಹೋರಾಡಿದವರಲ್ಲಿ ಆ ಇಬ್ಬರು ವೈದ್ಯರೂ ಇದ್ದರು.